ಆರಾರು ಹೆಚ್ಚಿಸಿದರೂ ಕೋಸ್ಟರ್ ಬಟ್ಟಲಾಗ್ತಿದೆ, ಎಲ್ಲಿ ಎಡವಟ್ಟು?

ಹನುಮಂತನಗರ_ಹೊಸಬ
ತಲೆ ಕೆಟ್ಟು ಹೋಗಿದೆ. ಕ್ರೋಶೆ ಕಡ್ಡಿಯಲ್ಲಿ, ಲೋಟದ ಕೆಳಗೆ ಇಡೋ ದುಂಡಗಿನ ಕೋಸ್ಟರ್ ಹಾಕ್ತಿದ್ದೀನಿ. ಪ್ಯಾಟರ್ನ್‌ನಲ್ಲಿ ಇರೋದನ್ನ ಒಂದಕ್ಷರ ಬಿಡದೆ ಮಾಡ್ತಿದ್ದೀನಿ: ರಿಂಗ್‌ನಲ್ಲಿ 6 ಹೊಲಿಗೆ, ಆಮೇಲೆ ಸುತ್ತಿಗೆ ಆರಾರು ಹೆಚ್ಚಿಸಿ 12, 18, 24, 30, 36. ಲೆಕ್ಕ ಪಕ್ಕಾ. ಆದರೂ ಮೂರನೇ ಸುತ್ತಿಂದಲೇ ಅಂಚು ಮೇಲೇಳುತ್ತೆ, ಆರನೇದಕ್ಕೆ ಬಂದಾಗ ಪೂರ್ತಿ ಬಟ್ಟಲು. ಬಿಚ್ಚಿ ಬಿಚ್ಚಿ ನೂಲೆಲ್ಲ ಜುಂಜು ಎದ್ದಿದೆ. "ಎಣಿಸಿ ನೋಡಿ" ಅಂತ ಮಾತ್ರ ದಯವಿಟ್ಟು ಹೇಳಬೇಡಿ.

ಸೂಜಿಮಲ್ಲಿಗೆ
ಕೈ ಬಿಗಿ. ಹೊಸಬರಿಗೆಲ್ಲ ಇದೇ ಕಾಯಿಲೆ. ಕಡ್ಡಿ ಅರ್ಧ ಎಂ.ಎಂ. ಮೇಲಕ್ಕೆ ಹೋಗಿ, ಸರಿಹೋಗುತ್ತೆ. ಲೂಪನ್ನು ಕಡ್ಡಿಯ ಕುತ್ತಿಗೆಯಲ್ಲಿ, ಅಂದರೆ ಕೊಕ್ಕೆ ಹಿಂದಿನ ಸಣ್ಣ ಭಾಗದಲ್ಲಿ ಬಿಗಿಯಬೇಡಿ. ಹೆಬ್ಬೆಟ್ಟು ಇಡೋ ಚಪ್ಪಟೆ ಜಾಗಕ್ಕೆ ಮುಂಚೆ ಒಂದೇ ದಪ್ಪ ಇರೋ ದುಂಡು ಭಾಗ ಇದೆಯಲ್ಲ, ಅಲ್ಲಿಗೆ ತಂದು ಬಿಡಿ. ಹೊಲಿಗೆಯ ಅಳತೆ ನಿರ್ಧಾರ ಆಗೋದು ಅಲ್ಲಿ.

ಹನುಮಂತನಗರ_ಹೊಸಬ
ದೊಡ್ಡ ಕಡ್ಡಿ ಹಾಕಿ ನೋಡಿದೆ. ದೊಡ್ಡ ಬಟ್ಟಲು ಬಂತು.

ಗಂಟುಗಂಗಪ್ಪ
ಶುರು ಮಾಡಿದ್ದು ಮ್ಯಾಜಿಕ್ ರಿಂಗಾ (ನೂಲಿನ ತುದಿ ಎಳೆದರೆ ಮುಚ್ಚೋ ಕುಣಿಕೆ), ಚೈನ್ ರಿಂಗಾ (ಸರಪಳಿ ಹೊಲಿಗೆ ಕೂಡಿಸಿದ್ದು)? 4 ಚೈನ್ ಹಾಕಿ, ಎತ್ತರವೇ ಇಲ್ಲದ ಸ್ಲಿಪ್ ಸ್ಟಿಚ್‌ನಲ್ಲಿ ಕೂಡಿಸಿ ಶುರು ಮಾಡಿದರೆ ನಡುವೆ ತೂತು ಉಳಿಯುತ್ತೆ, ದುಂಡು ಕೂರಲ್ಲ. ಮ್ಯಾಜಿಕ್ ರಿಂಗ್ ಬಿಟ್ಟು ಬೇರೇನೂ ಮಾಡಬೇಡಿ.

ಸೂಜಿಮಲ್ಲಿಗೆ
ತೂತಿಗೂ ಬಟ್ಟಲಿಗೂ ಏನು ಸಂಬಂಧ ಗಂಗಪ್ಪನೋರೆ? ಹೊಸಬರಿಗೆ ಮ್ಯಾಜಿಕ್ ರಿಂಗ್ ಹೇಳಿಕೊಡೋದೇ ತಪ್ಪು. ನೂಲಿನ ಬಾಲ ಗಿಡ್ಡ ಕತ್ತರಿಸಿ ಎರಡು ಒಗೆತಕ್ಕೆ ಬಾಯಿ ಬಿಡಿಸ್ಕೊಳ್ತಾರೆ. 2 ಚೈನ್ ಹಾಕಿ, ಕಡ್ಡಿಯಿಂದ ಎರಡನೇ ಚೈನ್‌ಗೇ ಆರೂ ಹೊಲಿಗೆ ಹಾಕಿದರೆ ತೂತೂ ಇಲ್ಲ, ತಾಪತ್ರಯವೂ ಇಲ್ಲ.

ಗಂಟುಗಂಗಪ್ಪ
ಬಾಲ 15 ಸೆಂ.ಮೀ. ಬಿಟ್ಟು, ಮೊಂಡು ಸೂಜಿಯಲ್ಲಿ ರಿಂಗ್ ಸುತ್ತ ಒಂದು ಸುತ್ತು ಓಡಿಸಿ, ದಿಕ್ಕು ಬದಲಿಸಿ ವಾಪಸ್ ತಂದರೆ ಯಾವ ಮ್ಯಾಜಿಕ್ ರಿಂಗೂ ಬಾಯಿ ಬಿಡಲ್ಲ. ಹಾಗೆ ಮಾಡದೇ ಇರೋರ ತಪ್ಪನ್ನು ರಿಂಗ್ ಮೇಲೆ ಹಾಕಬೇಡಿ.

ದಾರದುಂಡೆ
ಇಬ್ಬರೂ ಆ ಜಗಳ ಆಮೇಲೆ ಇಟ್ಕೊಳ್ಳಿ. ಹೊಸಬರೆ, ನೀವು ಏನೂ ಹೇಳೇ ಇಲ್ಲ. ಯಾವ ನೂಲು? ಕಡ್ಡಿ ಎಷ್ಟು? ಪ್ಯಾಟರ್ನ್ ಎಲ್ಲಿಯದು, ಅದರ ಮೊದಲ ಎರಡು ಸಾಲಲ್ಲಿ ಏನಿದೆ? ಫೋಟೋ ಇದ್ರೆ ಹಾಕಿ.

ಹನುಮಂತನಗರ_ಹೊಸಬ
ನೂಲು ಮಾಮೂಲಿ ಉಲ್ಲನ್, ಚಿಕ್ಕಪೇಟೆಯಲ್ಲಿ ತಂದಿದ್ದು. ಕಡ್ಡಿ 8 ನಂಬರ್. ಪ್ಯಾಟರ್ನ್ ಒಬ್ಬರು ಕಳಿಸಿದ ಜೆರಾಕ್ಸ್. ಫೋಟೋ ಅಪ್‌ಲೋಡ್ ಆಗ್ತಿಲ್ಲ.

ದಾರದುಂಡೆ
"8 ನಂಬರ್" ಅಂದರೆ ಏನೂ ಹೇಳಿದ ಹಾಗಲ್ಲ. ಅಮೆರಿಕದ ಲೆಕ್ಕದಲ್ಲಿ ಎಚ್-8 ಅಂದರೆ 5 ಎಂ.ಎಂ. ಹಳೇ ಬ್ರಿಟಿಷ್ ನಂಬರಿನ 8 ಅಂದರೆ 4 ಎಂ.ಎಂ. ಲೇಸ್ ದಾರಕ್ಕೆ ಬಳಸೋ ಸ್ಟೀಲ್ ಕಡ್ಡಿಯ 8 ಒಂದೂವರೆ ಎಂ.ಎಂ. ಆಸುಪಾಸು, ಅದರಲ್ಲಿ ನಂಬರ್ ಏರಿದಷ್ಟೂ ಕಡ್ಡಿ ಸಣ್ಣ. ಹೆಬ್ಬೆಟ್ಟು ಇಡೋ ಜಾಗದಲ್ಲಿ ಕೊರೆದಿರುತ್ತೆ, ಅಲ್ಲಿ ಎಂ.ಎಂ. ಎಷ್ಟಿದೆ ನೋಡಿ.

ಹಾಗೇ ಸ್ಕೇಲು ತಗೊಂಡು ಎರಡು ಅಳತೆ ಕೊಡಿ. ಒಂದು, ನಡುವಿನಿಂದ ಅಂಚಿನವರೆಗೆ ಬಟ್ಟಲಿನ ಮೈಗೆ ಅಂಟಿಸಿಕೊಂಡು ಎಷ್ಟು ಸೆಂ.ಮೀ. ಎರಡು, ಬಾಯಿಯ ಸುತ್ತಳತೆ. ಟೇಪು ಇಲ್ಲದಿದ್ದರೆ ಒಂದು ದಾರ ಸುತ್ತಿ ಆ ದಾರ ಅಳೆಯಿರಿ.

ಸೂಜಿಮಲ್ಲಿಗೆ
ಅಳತೆಯೆಲ್ಲ ಯಾಕೆ, ಕೈ ಬಿಗಿ ಅಂತ ಹೇಳಿದೆನಲ್ಲ. 5 ಎಂ.ಎಂ. ಹಿಡೀಲಿ. ಆಗದಿದ್ದರೆ 5.5.

ದಾರದುಂಡೆ
ಕಡ್ಡಿ ದೊಡ್ಡದಾದರೆ ಹೊಲಿಗೆಯ ಅಗಲ, ಎತ್ತರ ಎರಡೂ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ಬೆಳೆಯುತ್ತೆ. ಚಪ್ಪಟೆ ಕೂರಬೇಕೋ ಬೇಡವೋ ಅನ್ನೋದು ಅಗಲಕ್ಕೂ ಎತ್ತರಕ್ಕೂ ಇರೋ ಸಂಬಂಧದ ಮೇಲೆ ನಿಂತಿದೆ, ಅದು ಬದಲಾಗಲಿಲ್ಲ. ತೀರಾ ಸಡಿಲ ಮಾಡಿದರೆ ಬಟ್ಟಲು ಜೋತುಬಿದ್ದು ಚಪ್ಪಟೆ ಥರ ಕಾಣುತ್ತೆ, ಅಷ್ಟೇ. ಅವರೇ ಹೇಳಿದ್ದಾರೆ, ದೊಡ್ಡ ಬಟ್ಟಲು ಬಂತು ಅಂತ.

ಹನುಮಂತನಗರ_ಹೊಸಬ
4.00 ಅಂತ ಕೊರೆದಿದೆ. ನಡುವಿನಿಂದ ಅಂಚಿಗೆ ಆರೂವರೆ ಸೆಂ.ಮೀ. ಬಾಯಿ ಸುತ್ತಳತೆ ಸರಿಯಾಗಿ 20.
ಪ್ಯಾಟರ್ನ್ ಮೊದಲ ಸಾಲು: 1 ಚೈನ್, ರಿಂಗ್ ಒಳಗೆ 6 ಡಿ.ಸಿ. (ಡಬಲ್ ಕ್ರೋಶೆ). ಎರಡನೇ ಸಾಲು: ಪ್ರತಿ ಹೊಲಿಗೆಗೆ 2 ಡಿ.ಸಿ. (12).

ದಾರದುಂಡೆ
ಸಿಕ್ಕಿತು. ನೀವು ಹಾಕ್ತಿರೋ ಹೊಲಿಗೆ ಬೇರೆ, ಪ್ಯಾಟರ್ನ್ ಕೇಳ್ತಿರೋ ಹೊಲಿಗೆ ಬೇರೆ.

ಅಳತೆಯೇ ಹೇಳುತ್ತೆ ನೋಡಿ. ಆರು ಸುತ್ತಿಗೆ ಆರೂವರೆ ಸೆಂ.ಮೀ. ಅಂದರೆ ಒಂದೊಂದು ಸುತ್ತು ಒಂದು ಸೆಂ.ಮೀ.ಗಿಂತ ಎತ್ತರ. 36 ಹೊಲಿಗೆಗೆ 20 ಸೆಂ.ಮೀ. ಅಂದರೆ ಒಂದರ ಅಗಲ ಐದೂವರೆ ಎಂ.ಎಂ. 4 ಎಂ.ಎಂ. ಕಡ್ಡಿ, 8 ಪ್ಲೈ ಅಂತ ಕರೆಯೋ ಮಧ್ಯಮ ದಪ್ಪದ ನೂಲಿಗೆ ಅಗಲ ಸರಿಯಾಗೇ ಇದೆ, ಕೈ ಬಿಗಿ ಅಲ್ಲವೇ ಅಲ್ಲ. ಆದರೆ ಎತ್ತರ ಎರಡರಷ್ಟು. ನಡುವಿನಿಂದ ಆರೂವರೆ ಸೆಂ.ಮೀ. ದೂರದಲ್ಲಿ ಚಪ್ಪಟೆ ವೃತ್ತಕ್ಕೆ ಸುಮಾರು 41 ಸೆಂ.ಮೀ. ಸುತ್ತಳತೆ ಬೇಕು, ನಿಮ್ಮಲ್ಲಿ ಇರೋದು 20. ಉಳಿದ ಅರ್ಧ ಎಲ್ಲಿಂದ ಬರಬೇಕು? ಅಂಚು ಮೇಲೆ ಏಳಲೇಬೇಕು.

ಒಂದು ಪ್ರಶ್ನೆ: ಕಡ್ಡಿಯನ್ನು ಹೊಲಿಗೆಗೆ ಚುಚ್ಚೋದಕ್ಕೆ ಮುಂಚೆ ನೂಲು ಒಂದು ಸಲ ಸುತ್ತಿಕೊಳ್ತೀರಾ?

ಹನುಮಂತನಗರ_ಹೊಸಬ
ಹೌದು. ಸುತ್ತಿ, ಚುಚ್ಚಿ, ಎಳೆದರೆ ಕಡ್ಡಿ ಮೇಲೆ ಮೂರು ಲೂಪು. ಮತ್ತೆ ಸುತ್ತಿ ಎರಡರಿಂದ ಎಳೆ, ಮತ್ತೆ ಸುತ್ತಿ ಎರಡರಿಂದ ಎಳೆ. ವಿಡಿಯೋದಲ್ಲಿ ಡಿ.ಸಿ. ಅಂದರೆ ಅದೇ ಅಂತ ತೋರಿಸಿದ್ದಾರೆ.

ದಾರದುಂಡೆ
ವಿಡಿಯೋ ಅಮೆರಿಕದ ಲೆಕ್ಕದ್ದು, ಜೆರಾಕ್ಸ್ ಬ್ರಿಟಿಷ್ ಲೆಕ್ಕದ್ದು. ಬ್ರಿಟಿಷ್ ಡಿ.ಸಿ. ಅಂದರೆ ಅಮೆರಿಕದ ಎಸ್.ಸಿ. (ಸಿಂಗಲ್ ಕ್ರೋಶೆ), ಗಿಡ್ಡ ಹೊಲಿಗೆ: ಸುತ್ತದೆ ಚುಚ್ಚಿ, ಎಳೆದು, ಕಡ್ಡಿ ಮೇಲಿರೋ ಎರಡೂ ಲೂಪಿಂದ ಒಂದೇ ಸಲ ಎಳೆಯೋದು. ನೀವು ಹಾಕಿದ ಉದ್ದ ಹೊಲಿಗೆಗೆ ಬ್ರಿಟಿಷ್‌ನಲ್ಲಿ ಟ್ರೆಬಲ್ ಅಂತ ಹೆಸರು.

ಜೆರಾಕ್ಸಲ್ಲೇ ಸುಳಿವು ಇತ್ತು. ಶುರುವಿಗೆ 1 ಚೈನ್ ಅಂದಿದೆ. ಸುತ್ತಿನ ಆರಂಭದ ಚೈನ್ ಹೊಲಿಗೆಯ ಎತ್ತರಕ್ಕೆ ಏರೋದಕ್ಕೆ ಇರೋದು. ಗಿಡ್ಡಕ್ಕೆ 1 ಸಾಕು, ಉದ್ದಕ್ಕೆ 3 ಬೇಕು. 1 ಚೈನ್ ಹಾಕಿ ಉದ್ದ ಹೊಲಿಗೆ ಹಾಕಿದ್ದಕ್ಕೆ ನಿಮ್ಮ ಮೊದಲನೆಯದು ಕುಗ್ಗಿ ಕೂತಿರುತ್ತೆ, ನೋಡಿ ಬೇಕಾದರೆ.

ಮುಂದಕ್ಕೂ ಉಪಯೋಗಕ್ಕೆ ಬರುತ್ತೆ: ಪ್ಯಾಟರ್ನ್‌ನಲ್ಲಿ ಎಲ್ಲಾದರೂ ಎಸ್.ಸಿ. ಅಂತ ಕಂಡರೆ ಅದು ಅಮೆರಿಕದ್ದು, ಬ್ರಿಟಿಷ್ ಪಟ್ಟಿಯಲ್ಲಿ ಸಿಂಗಲ್ ಇಲ್ಲ. "ಗೇಜ್", "ಸ್ಕಿಪ್" ಅಂತಿದ್ದರೂ ಅಮೆರಿಕದ್ದೇ ಇರಬಹುದು. "ಟೆನ್ಷನ್", "ಮಿಸ್" ಅಂತಿದ್ದರೆ ಬ್ರಿಟಿಷ್.

ಹನುಮಂತನಗರ_ಹೊಸಬ
ಇದನ್ನ ಪ್ಯಾಟರ್ನ್ ಮೇಲೆ ಒಂದು ಸಾಲು ಬರೆದಿದ್ದರೆ ಇವರ ಗಂಟೇನು ಹೋಗ್ತಿತ್ತು? ಸರಿ, ಈಗ ಪೂರ್ತಿ ಬಿಚ್ಚಬೇಕಾ? ಉದ್ದ ಹೊಲಿಗೆ ಕೈಗೆ ಕೂತುಬಿಟ್ಟಿದೆ.

ದಾರದುಂಡೆ
ಬಿಚ್ಚಲೇಬೇಕು, ಅರ್ಧದಿಂದ ಸರಿಮಾಡೋಕೆ ಆಗಲ್ಲ. ಆದರೆ ಉದ್ದ ಹೊಲಿಗೆಯಲ್ಲೇ ಮಾಡಬಹುದು, ಆರರ ಬದಲು ಹನ್ನೆರಡರ ಲೆಕ್ಕ ಹಿಡೀರಿ. ಹೊಲಿಗೆ ಎರಡರಷ್ಟು ಎತ್ತರ, ಹೆಚ್ಚಳವೂ ಎರಡರಷ್ಟು. ಗಿಡ್ಡಕ್ಕೂ ಉದ್ದಕ್ಕೂ ನಡುವಿನ ಎತ್ತರದ ಹಾಫ್ ಡಬಲ್‌ಗೆ ಎಂಟು.

1ನೇ ಸುತ್ತು: ರಿಂಗ್ ಒಳಗೆ 3 ಚೈನ್ (ಇದೇ ಒಂದು ಹೊಲಿಗೆ), ಮೇಲೆ 11 ಉದ್ದ. 3 ಚೈನಿನ ತುದಿಗೆ ಸ್ಲಿಪ್ ಸ್ಟಿಚ್. 12.
2ನೇ ಸುತ್ತು: 3 ಚೈನ್, ಅದೇ ಬುಡಕ್ಕೆ ಇನ್ನೊಂದು ಉದ್ದ. ಉಳಿದ ಪ್ರತಿಯೊಂದಕ್ಕೂ ಎರಡೆರಡು. 24.
3ನೇ ಸುತ್ತು: ಒಂದಕ್ಕೆ ಒಂದು, ಮುಂದಿನದಕ್ಕೆ ಎರಡು, ಹೀಗೇ ಸುತ್ತ. 36.
4ನೇ ಸುತ್ತು: ಎರಡಕ್ಕೆ ಒಂದೊಂದು, ಮೂರನೇದಕ್ಕೆ ಎರಡು. 48.

ನಾಲ್ಕು ಸುತ್ತಿಗೆ ಸುಮಾರು 9 ಸೆಂ.ಮೀ. ಅಗಲ, ಕಾಫಿ ಲೋಟದ ಡಬರಾ ಕೂರೋಷ್ಟು. ಹೊಸಬರು ಎಡವೋದು ಕೂಡಿಸೋ ಜಾಗದಲ್ಲಿ. ಸ್ಲಿಪ್ ಸ್ಟಿಚ್ಚನ್ನು ಹೊಲಿಗೆ ಅಂತ ಎಣಿಸಬೇಡಿ, ಅದರೊಳಗೆ ಹೊಲಿಗೆ ಹಾಕಲೂ ಬೇಡಿ. 3 ಚೈನಿನ ಮೂರನೇ ಚೈನ್ ಮಾತ್ರ ಲೆಕ್ಕಕ್ಕೆ. ಹೊಲಿಗೆಯ ಮೇಲಂಚಿನ ಎರಡೂ ಎಳೆಗಳ ಕೆಳಗೆ ಚುಚ್ಚಿ. ಮುಂಬದಿಯ ಒಂದೇ ಎಳೆ ಹಿಡಿದರೆ ಹಿಂಬದಿಯಲ್ಲಿ ಗೆರೆ ಏಳುತ್ತೆ.

ಗಿಡ್ಡದಲ್ಲೇ ಬೇಕು ಅಂದರೆ ಜೆರಾಕ್ಸಿನ ಲೆಕ್ಕ ಸರಿಯಾಗೇ ಇದೆ. 10 ಸೆಂ.ಮೀ. ಅಗಲಕ್ಕೆ ಸುಮಾರು ಹತ್ತು ಸುತ್ತು, 60 ಹೊಲಿಗೆ. ದಟ್ಟವಾಗಿ ಬರುತ್ತೆ, ಕೋಸ್ಟರ್‌ಗೆ ನನ್ನ ಮತ ಅದಕ್ಕೇ. ಕೂಡಿಸದೆ ಸುರುಳಿಯಾಗಿ ಹೋಗೋದಾದರೆ ಪ್ರತಿ ಸುತ್ತಿನ ಮೊದಲ ಹೊಲಿಗೆಗೆ ಸೇಫ್ಟಿ ಪಿನ್ ಹಾಕಿ, ಸುತ್ತು ಮುಗಿದ ಹಾಗೆ ಮೇಲಕ್ಕೆ ಸಾಗಿಸಿ. ಹೆಚ್ಚಳ ಒಂದರ ಮೇಲೊಂದು ಬಿದ್ದರೆ ದುಂಡಿನ ಬದಲು ಆರು ಮೂಲೆ ಕಾಣುತ್ತೆ. ಒಂದು ಸುತ್ತು ಬಿಟ್ಟು ಒಂದು ಸುತ್ತಲ್ಲಿ ಹೆಚ್ಚಳದ ಜಾಗ ಪಕ್ಕಕ್ಕೆ ಸರಿಸಿ.

ಸೂಜಿಮಲ್ಲಿಗೆ
ಆಗಲಿ. ಆದರೂ ಇವರ ಕೈ ಬಿಗಿ ಇದ್ದೇ ಇರುತ್ತೆ, ನೋಡ್ತಿರಿ.

ಜಯನಗರ_4ನೇ_ಬ್ಲಾಕ್
ಯಾರೂ ನೂಲಿನ ಬಗ್ಗೆ ಮಾತೇ ಆಡಿಲ್ಲ. ಉಲ್ಲನ್ ಅಂತ ಅಂಗಡಿಯಲ್ಲಿ ಕೊಡೋದು ಬಹುಪಾಲು ಅಕ್ರಿಲಿಕ್. ಬಿಸಿ ಪಾತ್ರೆ ಕೆಳಗೆ ಅದು ಬೇಡ, ಶಾಖಕ್ಕೆ ಮೆತ್ತಗಾಗುತ್ತೆ, ನೀರೂ ಹೀರಲ್ಲ. ಚಪ್ಪಟೆ ಮಾಡ್ತೀನಿ ಅಂತ ಇಸ್ತ್ರಿ ಒತ್ತಿದರೆ ಹೊಳೆಹೊಳೆಯೋ ಹಾಳೆಯಾಗಿ ಉಳಿಯುತ್ತೆ, ಮತ್ತೆ ಹಿಂದಕ್ಕೆ ಬರಲ್ಲ. ಕಾಟನ್ 8 ಪ್ಲೈ ತಗೊಳ್ಳಿ. ಅದನ್ನ ಒದ್ದೆ ಮಾಡಿ, ಹಿಂಡಿ, ಟವೆಲ್ ಮೇಲೆ ದುಂಡಗೆ ಪಿನ್ ಚುಚ್ಚಿ ಒಣಗಿಸಿದರೆ ಸಣ್ಣಪುಟ್ಟ ಅಲೆ ಹೋಗುತ್ತೆ. ಅರ್ಧಕ್ಕರ್ಧ ಹೊಲಿಗೆ ಕಮ್ಮಿ ಇದ್ದರೆ ಅದೂ ಉಳಿಸಲ್ಲ.

ಕಡ್ಡಿ ಯಾವುದು? ನನ್ನ ಹತ್ರ ಕ್ಲೋವರ್ ಅಮೂರ್ ಕಡ್ಡಿಗಳ ಪೂರ್ತಿ ಸೆಟ್ ಇದೆ, ಜೊತೆಗೆ ಟ್ಯೂಲಿಪ್ ಎಟಿಮೋ, ಎರಡೂ ಜಪಾನಿನವು. ರಬ್ಬರ್ ಹಿಡಿ ಇರೋದು ಹಿಡಿದ ಮೇಲೆ ಬರೀ ಅಲ್ಯೂಮಿನಿಯಂ ಕಡ್ಡಿ ಮುಟ್ಟೋಕೆ ಮನಸಾಗಲ್ಲ.

ಗಂಟುಗಂಗಪ್ಪ
ಜಪಾನಿನ ಸೆಟ್ಟಿನ ದುಡ್ಡಿಗೆ ಇಲ್ಲೇ ನೀಲಗಿರಿಯಲ್ಲಿ ತಯಾರಾಗೋ ಪೋನಿ ಕಡ್ಡಿ ಡಜನ್‌ಗಟ್ಟಲೆ ಬರುತ್ತೆ. ಹಿಡಿ ಬೇಕು ಅಂದರೆ ಪೆನ್ಸಿಲ್‌ಗೆ ಹಾಕೋ ರಬ್ಬರ್ ಗ್ರಿಪ್ ಏರಿಸಿ, 4 ಎಂ.ಎಂ.ಗೆ ತುಸು ಸಡಿಲ, ಕೆಳಗೆ ಟೇಪು ಎರಡು ಸುತ್ತು ಸಾಕು. ನೋಡಬೇಕಾದ್ದು ಕೊಕ್ಕೆಯ ಮೂತಿ. ಸುಸಾನ್ ಬೇಟ್ಸ್ ಕಂಪನಿ ಕಡ್ಡಿ ಥರ ಮೂತಿ ಕಡ್ಡಿಯ ನೇರಕ್ಕೇ ಇದ್ದರೆ ಲೂಪು ಒಂದೇ ಅಳತೆ ಬರುತ್ತೆ. ಬೋಯ್ ಕಂಪನಿಯದರ ಥರ ಕುತ್ತಿಗೆ ಇಳಿಜಾರಾಗಿದ್ದರೆ ಬಿಗಿ ಹೊಲಿಗೆಯೊಳಗೆ ಸಲೀಸಾಗಿ ನುಗ್ಗುತ್ತೆ.

ಸೂಜಿಮಲ್ಲಿಗೆ
ನೋಡಿ, ಅವರೇ "ಬಿಗಿ ಹೊಲಿಗೆ" ಅಂದರು.

ಜಯನಗರ_4ನೇ_ಬ್ಲಾಕ್
ಪೆನ್ಸಿಲ್ ರಬ್ಬರ್ ಜಾರುತ್ತೆ ಸ್ವಾಮಿ, ಹೆಬ್ಬೆಟ್ಟಿನ ಜಾಗವೂ ಮುಚ್ಚಿಹೋಗುತ್ತೆ. ಕಡ್ಡಿಯನ್ನು ಪೆನ್ ಥರ ಹಿಡಿಯೋರಿಗೆ ಸರಿಹೋಗಬಹುದು, ಚಾಕು ಥರ ಮೇಲಿಂದ ಹಿಡಿಯೋರಿಗೆ ಆಗಲ್ಲ.

ಹನುಮಂತನಗರ_ಹೊಸಬ
ಗಿಡ್ಡ ಹೊಲಿಗೆಯಲ್ಲಿ ಹಾಕಿದೆ, ಟೇಬಲ್ ಮೇಲೆ ಚಪ್ಪಟೆ ಕೂತಿದೆ. ಆದರೆ ಸುರುಳಿಯಾಗಿ ಹೋಗಿದ್ದಕ್ಕೆ ಕೊನೇ ಹೊಲಿಗೆ ಹತ್ರ ಒಂದು ಮೆಟ್ಟಿಲು ಉಳಿದಿದೆ. ಅದನ್ನ ಏನು ಮಾಡೋದು?

ದಾರದುಂಡೆ
ಕೊನೇ ಹೊಲಿಗೆ ಆದ ಮೇಲೆ ಮುಂದಿನ ಎರಡಕ್ಕೆ ಸ್ಲಿಪ್ ಸ್ಟಿಚ್ ಹಾಕಿ ಇಳಿಸಿ. 15 ಸೆಂ.ಮೀ. ಬಿಟ್ಟು ಕತ್ತರಿಸಿ ಎಳೆದುಬಿಡಿ, ಗಂಟು ಬೇಡ. ಬಾಲವನ್ನು ಸೂಜಿಗೆ ಪೋಣಿಸಿ, ಒಂದು ಹೊಲಿಗೆ ಬಿಟ್ಟು ಮುಂದಿನದರ ಎರಡೂ ಎಳೆಗಳ ಕೆಳಗೆ ತೂರಿಸಿ. ವಾಪಸ್ ಬಂದು ಬಾಲ ಹೊರಟ ಹೊಲಿಗೆಯ ಹಿಂಬದಿಯ ಎಳೆಯೊಳಗೆ ಇಳಿಸಿ. ಬಿಟ್ಟ ಹೊಲಿಗೆಯ ಮೇಲೆ ಪಕ್ಕದವುಗಳಂಥದ್ದೇ ಒಂದು ಸರಪಳಿ ಕೊಂಡಿ ಕೂರುತ್ತೆ, ಅದರ ಅಳತೆಗೆ ಸರಿಯಾಗಿ ಎಳೆದುಕೊಳ್ಳಿ. ಉಳಿದ ಬಾಲ ಹಿಂಬದಿಯಲ್ಲಿ ಅಡಗಿಸಿ.

ಗಂಟುಗಂಗಪ್ಪ
ಸ್ಲಿಪ್ ಸ್ಟಿಚ್ ಒಂದೇ ಸಾಕು, ಎರಡು ಹಾಕಿದರೆ ಅಂಚು ದಪ್ಪಗಾಗುತ್ತೆ.

ದಾರದುಂಡೆ
8 ಪ್ಲೈಗೆ ಗೊತ್ತೇ ಆಗಲ್ಲ. ಲೇಸ್ ದಾರಕ್ಕಾದರೆ ಒಂದು ಹಾಕಿ.

ಜಯನಗರ_4ನೇ_ಬ್ಲಾಕ್
ಲೇಸ್ ದಾರ ಅಂದಿರಿ ಅಂತ ಕೇಳ್ತಿದ್ದೀನಿ, ಬಾಗಿಲ ತೋರಣಕ್ಕೆ ಯಾರಾದರೂ 1.25 ಎಂ.ಎಂ. ಕಡ್ಡಿಯಲ್ಲಿ ಹಾಕಿದ್ದೀರಾ? 1.5ರಲ್ಲಿ ಹೂವಿನ ಎಸಳು ಜೋಲು ಬೀಳ್ತಿದೆ.

ಸೂಜಿಮಲ್ಲಿಗೆ
ಅದಕ್ಕೆ ಬೇರೆ ಚರ್ಚೆ ಶುರು ಮಾಡಿ. ಮತ್ತೆ ಗಂಜಿ ಹಾಕ್ತೀರೋ ಇಲ್ಲವೋ ಅಲ್ಲಿ ಮೊದಲೇ ಬರೀರಿ.