ಹಳೆಯ ಸ್ಪೋರ್ಟ್ಸ್ ಕಾರು, ಚಳಿಗಾಲದ ಕೆಲಸ: ಉಸ್ತಾದರನ್ನು ಕೇಳಿ

ಅಡ್ಮಿನ್: ಬಳಗದ ಎಲ್ಲರಿಗೂ ನಮಸ್ಕಾರ. ಮಳೆ ಹಿಂದೆ ಸರಿದಿದೆ. ಹಳೆಯ ಗಾಡಿ ಬಿಚ್ಚಿ ಯುಗಾದಿಯೊಳಗೆ ಜೋಡಿಸುವವರಿಗೆ ಇದೇ ಕಾಲ. ಇಂದು ಸಂಜೆ ಉಸ್ತಾದರು ದಾವಣಗೆರೆಯ ತಮ್ಮ ಗ್ಯಾರೇಜನ್ನು ಬೇಗ ಮುಚ್ಚಿ ನಮಗಾಗಿ ಕುಳಿತಿದ್ದಾರೆ. ಗಾಡಿ ಯಾವುದು, ಯಾವ ವರ್ಷದ್ದು, ತೊಂದರೆ ಏನು, ಮೂರನ್ನೂ ಬರೆಯಿರಿ. ಫಾರ್ವರ್ಡ್ ಸಂದೇಶಗಳು ಬೇಡ.

ನಿಜಲಿಂಗಪ್ಪ ಬಡಾವಣೆ: ನಮಸ್ಕಾರ ಉಸ್ತಾದರೇ. 2002ರ ಹೋಂಡಾ ಸಿಟಿ ವಿಟೆಕ್, ನಮ್ಮ ತಂದೆಯವರು ಓಡಿಸುತ್ತಿದ್ದುದು. ಎಂಜಿನ್ ಚೆನ್ನಾಗಿದೆ. ಪೂರ್ತಿ ಬಣ್ಣ ಮಾಡಿಸಬೇಕು. ಡಿಸೆಂಬರ್‌ನಲ್ಲಿ ಮಾಡಿಸಬಹುದೇ?

ಉಸ್ತಾದ್: ನಮಸ್ಕಾರ ಮೇಡಂ. ಮಾಡಿಸಬಹುದು. ಗಾಳಿಯಲ್ಲಿ ತೇವ ಕಡಿಮೆ ಇರುವುದರಿಂದ ಬಣ್ಣದ ಮೇಲೆ ಬಿಳಿ ಮಬ್ಬು ಕೂರುವ ಕಾಟ ಕಡಿಮೆ. ಆದರೆ ಬೆಳಗಿನ ಇಬ್ಬನಿ ಆರುವ ಮೊದಲು ಸ್ಪ್ರೇ ಗನ್ ಹಿಡಿಯಬಾರದು. ಸಂಜೆ ನಾಲ್ಕರ ನಂತರವೂ ಬೇಡ. ಮುಚ್ಚಿದ ಬೂತ್ ಇರುವ ಪೇಂಟರ್ ಬಳಿಯೇ ಹೋಗಿ. ಮಂಡಕ್ಕಿ ಭಟ್ಟಿಗಳ ಕಡೆಯಿಂದ ಗಾಳಿ ಬೀಸುವ ಜಾಗದಲ್ಲಿ ಬಯಲಿನಲ್ಲಿ ಬಣ್ಣ ಹೊಡೆದರೆ ಮಸಿಯ ಕಣ ಹಸಿ ಬಣ್ಣದ ಮೇಲೆ ಕೂರುತ್ತದೆ, ಮತ್ತೆ ಉಜ್ಜಿಯೇ ತೆಗೆಯಬೇಕು. ಇನ್ನೊಂದು ವಿಷಯ. ಬರೀ ಪ್ರೈಮರ್ ಹೊಡೆದು ವಾರಗಟ್ಟಲೆ ಹೊರಗೆ ನಿಲ್ಲಿಸಲು ಬಿಡಬೇಡಿ. ಪ್ರೈಮರ್ ನೀರು ಹೀರುತ್ತದೆ, ಒಳಗೆ ತುಕ್ಕು ಶುರುವಾಗುತ್ತದೆ. ಎಲ್ಲಕ್ಕಿಂತ ಮೊದಲು ಹೇಳಿ, ಟೈಮಿಂಗ್ ಬೆಲ್ಟ್, ಅಂದರೆ ಎಂಜಿನ್ನಿನ ವಾಲ್ವ್ ಮತ್ತು ಪಿಸ್ಟನ್‌ಗಳನ್ನು ಒಂದೇ ತಾಳಕ್ಕೆ ನಡೆಸುವ ರಬ್ಬರ್ ಪಟ್ಟಿ, ಯಾವಾಗ ಬದಲಾಯಿಸಿದ್ದು?

ನಿಜಲಿಂಗಪ್ಪ ಬಡಾವಣೆ: ಗೊತ್ತಿಲ್ಲ. ತಂದೆಯವರು ಹೋದ ಮೇಲೆ ಗಾಡಿ ಹೆಚ್ಚು ಓಡಿಲ್ಲ.

ಉಸ್ತಾದ್: ಹಾಗಾದರೆ ಮೊದಲು ಬೆಲ್ಟ್, ಆಮೇಲೆ ಬಣ್ಣ. ಓಡದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಆ ಎಂಜಿನ್‌ನಲ್ಲಿ ಬೆಲ್ಟ್ ತುಂಡಾದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ. ಬಣ್ಣದ ದುಡ್ಡೆಲ್ಲ ಎಂಜಿನ್ ಹೆಡ್ ರಿಪೇರಿಗೆ ಹೋಗುತ್ತದೆ.

ಕೆಎ-17: ಉಸ್ತಾದರೇ, ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್, 1.8 ಟರ್ಬೊ. ಕಂಪನಿಯಿಂದ 150 ಅಶ್ವಶಕ್ತಿ. ಎಂಜಿನ್ ಕಂಪ್ಯೂಟರಿನ ಲೆಕ್ಕ ಬದಲಿಸಿ ಶಕ್ತಿ ಹೆಚ್ಚಿಸುವ ಚಿಪ್ ಹಾಕಿದರೆ ಎಷ್ಟಕ್ಕೆ ಏರುತ್ತದೆ? ಜೊತೆಗೆ ಸೈಲೆನ್ಸರ್ ತೆಗೆದು ನೇರ ಪೈಪ್ ಹಾಕಿಸಬೇಕು.

ಎಂಸಿಸಿ ಬಿ ಬ್ಲಾಕ್: *ಫಾರ್ವರ್ಡ್ ಮಾಡಲಾಗಿದೆ* ತುಕ್ಕು ಹಿಡಿದ ಪೆಟ್ರೋಲ್ ಟ್ಯಾಂಕಿಗೆ ಎರಡು ಲೀಟರ್ ಕೋಲಾ ಸುರಿದು ರಾತ್ರಿ ಬಿಡಿ. ರೇಡಿಯೇಟರ್ ಸೋರಿದರೆ ಅರಿಶಿನ ಪುಡಿ ಹಾಕಿ. ಮೈಲೇಜ್ ಹೆಚ್ಚಿಸಲು ಪೆಟ್ರೋಲಿಗೆ ಎರಡು ನುಸಿಗುಳಿಗೆ. ಬ್ರೇಕ್ ಆಯಿಲ್ ಕಡಿಮೆಯಾದರೆ ಎಂಜಿನ್ ಆಯಿಲ್ ಸೇರಿಸಬಹುದು. ಎಲ್ಲರಿಗೂ ಕಳುಹಿಸಿ.

ಉಸ್ತಾದ್: ಯಾರಿಗೂ ಕಳುಹಿಸಬೇಡಿ. ಮೊದಲ ಮೂರು ಹುಚ್ಚಾಟ, ನಾಲ್ಕನೆಯದು ಕೊಲೆ. ಬ್ರೇಕ್ ಆಯಿಲ್ ಎಂದು ಬಾಯಿಮಾತಿಗೆ ಕರೆಯುತ್ತೇವೆ, ಅದು ಎಂಜಿನ್ ಆಯಿಲ್‌ನ ಜಾತಿಯದಲ್ಲ. ಎಂಜಿನ್ ಆಯಿಲ್ ತಾಗಿದರೆ, ಪೆಡಲಿನ ಒತ್ತಡವನ್ನು ಬ್ರೇಕಿಗೆ ಕಳುಹಿಸುವ ಮಾಸ್ಟರ್ ಸಿಲಿಂಡರ್‌ನ ರಬ್ಬರ್ ಸೀಲ್‌ಗಳು ಊದಿಕೊಳ್ಳುತ್ತವೆ. ಒಂದೆರಡು ದಿನ ಪೆಡಲ್ ಸರಿಯಾಗಿಯೇ ಇರುತ್ತದೆ. ಆಮೇಲೆ ಹೆದ್ದಾರಿಯಲ್ಲಿ ಬ್ರೇಕ್ ಹಿಡಿದುಕೊಂಡು ಬಿಡುವುದೇ ಇಲ್ಲ, ಇಲ್ಲವೇ ಪೆಡಲ್ ನೆಲಕ್ಕೆ ಹೋಗುತ್ತದೆ. ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬರೆದಿರುತ್ತದೆ, ಅದನ್ನೇ ಹಾಕಿ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ, ಕುದಿಯುವ ಮಟ್ಟ ಇಳಿಯುತ್ತದೆ. ಯಾರಾದರೂ ಆಗಲೇ ಎಂಜಿನ್ ಆಯಿಲ್ ಸುರಿದಿದ್ದರೆ ಗಾಡಿ ಮುಟ್ಟಬೇಡಿ, ಟೋ ಮಾಡಿಸಿ.

ಎಂಸಿಸಿ ಬಿ ಬ್ಲಾಕ್: ನನಗೆ ಬಂದಿದ್ದನ್ನು ಹಾಕಿದೆ ಅಷ್ಟೇ.

ಹರಿಹರ ಮೇಷ್ಟ್ರು: ಕೆಎ-17 ಅವರೇ, ನೇರ ಪೈಪ್ ಹಾಕಿಸಿ ರಾತ್ರಿ ಹನ್ನೊಂದಕ್ಕೆ ಯಾರ ಮನೆಯ ಮುಂದೆ ಹಾಯುತ್ತೀರಿ ಎಂಬುದನ್ನೂ ಬರೆಯಿರಿ. ಪರೀಕ್ಷೆಗೆ ಓದುವ ಮಕ್ಕಳಿದ್ದಾರೆ.

ಕೆಎ-17: ಮೇಷ್ಟ್ರೇ, ಸ್ಪೋರ್ಟ್ಸ್ ಕಾರಿಗೆ ಸದ್ದೇ ಸೊಗಸು. ನಿಮ್ಮ ಸ್ಕೂಟರಿನ ಸದ್ದಿಗೆ ನಾವು ಏನಾದರೂ ಹೇಳಿದ್ದೇವೆಯೇ?

ಹರಿಹರ ಮೇಷ್ಟ್ರು: ನನ್ನದು 1996ರ ಮಾರುತಿ 800. ಅದರ ಸದ್ದು ನನ್ನ ಹೆಂಡತಿಗೂ ಕೇಳುವುದಿಲ್ಲ.

ಹೊಳಲ್ಕೆರೆ: ಉಸ್ತಾದರಿಗೆ ನಮಸ್ಕಾರ. ನನ್ನದು ಸ್ಯಾನ್ ಸ್ಟಾರ್ಮ್, ಫೈಬರ್ ಮೈಯ ಸ್ಪೋರ್ಟ್ಸ್ ಕಾರು. ಅಡಿಕೆ ಗೋದಾಮಿನಲ್ಲಿ ವರ್ಷಗಟ್ಟಲೆ ನಿಂತಿತ್ತು, ಈ ಚಳಿಗಾಲದಲ್ಲಿ ಎಬ್ಬಿಸಬೇಕು ಎಂದು ಹಟ ಹಿಡಿದಿದ್ದೇನೆ. ಒಂದು ವಿಚಿತ್ರ ತೊಂದರೆ. ಬ್ರೇಕ್ ಒತ್ತಿದರೆ ಹಿಂದಿನ ಇಂಡಿಕೇಟರ್ ಮಂದವಾಗಿ ಉರಿಯುತ್ತದೆ. ಹೆಡ್‌ಲೈಟ್ ಹಾಕಿದರೆ ಎಡಗಡೆಯದು ಬಲಗಡೆಯದಕ್ಕಿಂತ ಕೆಂಪಗಿದೆ. ಎಲೆಕ್ಟ್ರಿಷಿಯನ್ ವೈರಿಂಗ್ ಪೂರ್ತಿ ಹೊಸದು ಮಾಡಬೇಕು ಎನ್ನುತ್ತಾರೆ. ಮೂರು ಫೋಟೊ ಹಾಕಿದ್ದೇನೆ.

ಉಸ್ತಾದ್: ನೀವು ಈಗ ಎಲ್ಲಿದ್ದೀರಿ?

ಹೊಳಲ್ಕೆರೆ: ಗೋದಾಮಿನಲ್ಲೇ. ನನ್ನ ತಮ್ಮ ಗಾಡಿಯ ಕೆಳಗೆ ಮಲಗಿ ನೋಡುತ್ತಿದ್ದಾನೆ.

ಉಸ್ತಾದ್: ಅವರನ್ನು ಮೊದಲು ಹೊರಗೆ ಕರೆಯಿರಿ. ಈಗಲೇ. ಉತ್ತರ ಆಮೇಲೆ.

ಉಸ್ತಾದ್: ಹೊರಗೆ ಬಂದರೇ?

ಹೊಳಲ್ಕೆರೆ: ಬಂದ ಉಸ್ತಾದರೇ. ಏನಾಯಿತು?

ಉಸ್ತಾದ್: ಎರಡನೆಯ ಫೋಟೊದಲ್ಲಿ ಮುಂದಿನ ಬಲಗಡೆ ಚಕ್ರ ಬಿಚ್ಚಿದ್ದೀರಿ. ಗಾಡಿ ನಿಂತಿರುವುದು ಎರಡು ಸಿಮೆಂಟ್ ಹಾಲೋ ಬ್ಲಾಕ್‌ಗಳ ಮೇಲೆ, ಅದೂ ತೂತು ಅಡ್ಡಕ್ಕೆ ಬರುವ ಹಾಗೆ ಮಲಗಿಸಿದ್ದು. ಗೋಡೆ ಕಟ್ಟುವಾಗ ಭಾರ ಬ್ಲಾಕಿನ ಮೈತುಂಬ ಹರಡುತ್ತದೆ. ಇಲ್ಲಿ ಚಾಸಿಯ, ಅಂದರೆ ಗಾಡಿಯ ಉಕ್ಕಿನ ಚೌಕಟ್ಟಿನ, ಒಂದು ಅಂಚು ಅಂಗೈಯಗಲದ ಜಾಗದಲ್ಲಿ ಕೂತಿದೆ. ಅಂಥ ಬ್ಲಾಕ್ ಬಗ್ಗುವುದಿಲ್ಲ, ಸೂಚನೆ ಕೊಡುವುದಿಲ್ಲ, ಹಪ್ಪಳದಂತೆ ಒಮ್ಮೆಗೇ ಪುಡಿಯಾಗುತ್ತದೆ. ಫೋಟೊ ದೊಡ್ಡದು ಮಾಡಿ ನೋಡಿ, ಕೆಳಗಿನ ಬ್ಲಾಕಿನ ಎಡ ಮೂಲೆಯಲ್ಲಿ ಬಿರುಕು ಆಗಲೇ ಬಂದಿದೆ. ಪಕ್ಕದಲ್ಲಿರುವ ಜಾಕ್ ಎತ್ತುವುದಕ್ಕೆ, ಹಿಡಿದಿಡುವುದಕ್ಕಲ್ಲ. ಅದರ ಸೀಲ್ ಸೋರಿದರೆ ಅದೂ ಕೂರುತ್ತದೆ.

ಹೀಗೆ ಮಾಡಿ. ಜಾಕ್‌ನಿಂದ ಮೇಲೆತ್ತಿ, ಬ್ಲಾಕನ್ನು ಕೋಲಿನಿಂದ ತಳ್ಳಿ ತೆಗೆಯಿರಿ. ಕೈ ಹಾಕಬೇಡಿ. ಚಕ್ರ ಹಾಕಿ ಕೆಳಗಿಳಿಸಿ. ನಾಳೆ ಕಬ್ಬಿಣದ ಸ್ಟ್ಯಾಂಡ್ ಒಂದು ಜೊತೆ ತನ್ನಿ. ಸಿಗುವವರೆಗೆ ಗಟ್ಟಿ ಮರದ ದಿಮ್ಮಿಗಳನ್ನು ಅಡ್ಡಡ್ಡ ಜೋಡಿಸಿ ನಿಲ್ಲಿಸಬಹುದು. ನೆಲ ಗಟ್ಟಿ ಇರಬೇಕು, ಅಡಿಕೆ ಒಣಗಿಸುವ ಮಣ್ಣಿನ ಕಣದ ಮೇಲೆ ಬೇಡ. ಸ್ಟ್ಯಾಂಡ್ ತಾಗಬೇಕಾದದ್ದು ಉಕ್ಕಿನ ಚಾಸಿಗೆ. ಫೈಬರ್ ಮೈಗೆ ತಾಗಿದರೆ ಅದು ಸೀಳುತ್ತದೆ. ಉಳಿದ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡಗಲ್ಲು ಕೊಡಿ. ಬಿಚ್ಚಿದ ಚಕ್ರವನ್ನು ಚಾಸಿಯ ಕೆಳಗೆ ಮಲಗಿಸಿಡಿ, ಗಾಡಿ ಜಾರಿದರೂ ಅದರ ಮೇಲೆ ನಿಲ್ಲುತ್ತದೆ. ಕೆಳಗೆ ಹೋಗುವ ಮೊದಲು ಗಾಡಿಯನ್ನು ಕೈಯಿಂದ ಜೋರಾಗಿ ಅಲ್ಲಾಡಿಸಿ. ಬೀಳುವುದಿದ್ದರೆ ಆಗಲೇ ಬೀಳಲಿ.

ಚಳ್ಳಕೆರೆ: ನಾವೂ ಹಾಲೋ ಬ್ಲಾಕ್ ಮೇಲೆಯೇ ನಿಲ್ಲಿಸುತ್ತೇವೆ, ಏನೂ ಆಗಿಲ್ಲ.

ಉಸ್ತಾದ್: ಆಗಿದ್ದವರು ಇಲ್ಲಿ ಬರೆಯಲು ಬರುವುದಿಲ್ಲ.

ಹಿರಿಯೂರು: ಉಸ್ತಾದರೇ, ಪೂರ್ತಿ ರೀಸ್ಟೋರ್ ಮಾಡಿಸಲು ಎಷ್ಟಾಗುತ್ತದೆ?

ಹೊಳಲ್ಕೆರೆ: ಚಕ್ರ ಹಾಕಿ ಇಳಿಸಿದೆವು. ತಮ್ಮನ ಮುಖ ಬಿಳಿಚಿಕೊಂಡಿದೆ. ಲೈಟಿನ ವಿಷಯ ಹೇಳುತ್ತೀರಾ?

ಉಸ್ತಾದ್: ಹೇಳುತ್ತೇನೆ. ಇಂಥ ಗಾಡಿ ನೋಡಿ ಬಹಳ ಕಾಲವಾಯಿತು. ಗೋವಾದಲ್ಲಿ ತಯಾರಾದ ಎರಡು ಸೀಟಿನ ಗಾಡಿ, ರೆನೋದ 1149 ಸಿಸಿ ಎಂಜಿನ್, 60 ಅಶ್ವಶಕ್ತಿ. ಶಕ್ತಿಗಿಂತ ಮೈ ಹಗುರ ಎಂಬುದೇ ಅದರ ಗುಟ್ಟು. ನಿಮ್ಮ ತೊಂದರೆಯ ಮೂಲವೂ ಆ ಮೈಯಲ್ಲೇ ಇದೆ. ತಗಡಿನ ಕಾರಿನಲ್ಲಿ ಬಲ್ಬಿಗೆ ಹೋದ ಕರೆಂಟ್ ಬಾಡಿಯ ಮೂಲಕವೇ ಬ್ಯಾಟರಿಯ ಮೈನಸ್‌ಗೆ ಮರಳುತ್ತದೆ. ಫೈಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಆದ್ದರಿಂದ ಲೈಟುಗಳಿಗೆ ಚಾಸಿಯವರೆಗೆ ಅರ್ಥ್ ವೈರ್ ಎಳೆದೇ ಕೊಡಬೇಕು. ಆ ವೈರ್ ಬೋಲ್ಟ್ ಆಗುವ ಜಾಗ ತುಕ್ಕು ಹಿಡಿದರೆ ಬ್ರೇಕ್ ಲೈಟಿನ ಕರೆಂಟಿಗೆ ಮರಳುವ ದಾರಿ ಇಲ್ಲ. ಅದು ಪಕ್ಕದ ಇಂಡಿಕೇಟರ್ ಬಲ್ಬಿನ ತಂತಿಯೊಳಗೆ ನುಗ್ಗಿ ಇನ್ನೊಂದು ಕಡೆಯಿಂದ ಹೊರಗೆ ಹೋಗುತ್ತದೆ. ನಿಮಗೆ ಕಾಣುತ್ತಿರುವ ಮಂದ ಬೆಳಕು ಅದೇ. ಎಡ ಹೆಡ್‌ಲೈಟ್ ಕೆಂಪಗಿರುವುದಕ್ಕೂ ಇದೇ ರೋಗ ಇರಬೇಕು.

ವೈರಿಂಗ್ ಪೂರ್ತಿ ಬದಲಾಯಿಸುವ ಮೊದಲು ಈ ಪರೀಕ್ಷೆ ಮಾಡಿ. ಉದ್ದದ ವೈರ್ ತೆಗೆದುಕೊಂಡು ಒಂದು ತುದಿಯನ್ನು ಬ್ಯಾಟರಿಯ ಮೈನಸ್‌ಗೆ ಕಟ್ಟಿ. ಎಡ ಹೆಡ್‌ಲೈಟ್ ಉರಿಯುತ್ತಿರುವಾಗ ಇನ್ನೊಂದು ತುದಿಯನ್ನು ಅದರ ಅರ್ಥ್ ಟರ್ಮಿನಲ್‌ಗೆ ಮುಟ್ಟಿಸಿ. ಪ್ಲಸ್ ಯಾವುದು, ಅರ್ಥ್ ಯಾವುದು ಎಂದು ಮೊದಲೇ ಟೆಸ್ಟರ್‌ನಿಂದ ಖಚಿತ ಮಾಡಿಕೊಳ್ಳಿ. ಬೆಳಕು ತಟ್ಟನೆ ಬೆಳ್ಳಗಾದರೆ ರೋಗ ಸಿಕ್ಕಿತು. ಮಲ್ಟಿಮೀಟರ್ ಇದ್ದರೆ ಲೈಟ್ ಉರಿಯುವಾಗ ಅದೇ ಎರಡು ಜಾಗಗಳ ನಡುವೆ ಅಳೆಯಿರಿ, ಅರ್ಧ ವೋಲ್ಟ್ ದಾಟಿದರೆ ಅರ್ಥ್ ಕೆಟ್ಟಿದೆ. ಬೋಲ್ಟ್ ಬಿಚ್ಚಿ, ಚಾಸಿಯ ಆ ಜಾಗವನ್ನು ಎಮರಿ ಕಾಗದದಿಂದ ಉಕ್ಕು ಹೊಳೆಯುವವರೆಗೆ ಉಜ್ಜಿ, ವೈರಿನ ತುದಿಗೆ ಹೊಸ ಲಗ್ (ಬೋಲ್ಟ್ ಕೂರುವ ಲೋಹದ ಬಳೆ) ಹಾಕಿ ಬಿಗಿ ಮಾಡಿ. ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಸವರಿ.

ಬಣ್ಣ ತೆಗೆಯಲು ಪೇಂಟ್ ರಿಮೂವರ್ ಹಚ್ಚಬೇಡಿ, ಫೈಬರಿನ ರೆಸಿನ್ನನ್ನೂ ತಿನ್ನುತ್ತದೆ. ಮರಳು ಬ್ಲಾಸ್ಟಿಂಗ್ ಕೂಡ ಬೇಡ. ಕೈಯಿಂದ ಉಜ್ಜಿ, ಮಾಸ್ಕ್ ಹಾಕಿಕೊಂಡು.

ಜಗಳೂರು: ಫಿಯೆಟ್ ಪಾಲಿಯೊ 1.6, ಬೇಗ ಬಿಸಿಯಾಗುತ್ತದೆ. ನಮ್ಮೂರಿನಲ್ಲಿ ಚಳಿಗಾಲದಲ್ಲೂ ನೀರು ಹೆಪ್ಪುಗಟ್ಟುವುದಿಲ್ಲ. ಕೂಲೆಂಟ್ ಏಕೆ ಬೇಕು? ಬೋರ್‌ವೆಲ್ ನೀರು ಸಾಲದೇ?

ಉಸ್ತಾದ್: ಸಾಲದು. ಕೂಲೆಂಟ್ ತುಕ್ಕು ತಡೆಯುತ್ತದೆ, ಕುದಿಯುವ ಮಟ್ಟ ಏರಿಸುತ್ತದೆ. ನಿಮ್ಮ ಕಡೆಯ ಬೋರ್ ನೀರು ಬಿಂದಿಗೆಯ ಒಳಗೆ ಎಂಥ ಬಿಳಿ ಪದರ ಬಿಡುತ್ತದೆ ಎಂದು ನೋಡಿದ್ದೀರಲ್ಲ, ರೇಡಿಯೇಟರ್ ಒಳಗೂ ಅದೇ. ಬಿಸಿಯಾಗುತ್ತಿರುವುದೂ ಅದಕ್ಕೇ ಇರಬೇಕು. ಡಿಸ್ಟಿಲ್ಡ್ ವಾಟರ್ ಜೊತೆ ಬೆರೆಸಿ ಹಾಕಿ.

ಎಂಸಿಸಿ ಬಿ ಬ್ಲಾಕ್: ಅರಿಶಿನದ ಬಗ್ಗೆ ಉತ್ತರ ಬರಲಿಲ್ಲ.

ಉಸ್ತಾದ್: ಅರಿಶಿನ ಸಾರಿಗೆ.

ಕೆಎ-17: ಚಿಪ್?

ಉಸ್ತಾದ್: ಮೊದಲು ಟೈಮಿಂಗ್ ಬೆಲ್ಟ್, ಜೊತೆಗೇ ವಾಟರ್ ಪಂಪ್. ಆ ಎಂಜಿನ್‌ನಲ್ಲಿ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟ್. ಹಳೆಯ ಕೆಲವು ಪಂಪ್‌ಗಳ ಒಳಗಿನ ರೆಕ್ಕೆ ಪ್ಲಾಸ್ಟಿಕ್ಕಿನದು, ಒಡೆಯುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2314 ಎಂದಿದ್ದರೆ 2014ರ 23ನೇ ವಾರದ್ದು. ಓದಿ ನೋಡಿ. ಹಳೆಯ ಟೈರ್ ಮೇಲೆ ಚಿಪ್ ಹಾಕಿಸಲು ನನ್ನ ಬಳಿ ಬರಬೇಡಿ.

ಕೆಎ-17: 0911.

ಉಸ್ತಾದ್: ಹಾಗಾದರೆ ಚಿಪ್ಪಿನ ಮಾತು ಬಿಡಿ.

ಹರಿಹರ ಮೇಷ್ಟ್ರು: ನೇರ ಪೈಪಿನ ಮಾತೂ ಬಿಡಿ ಎಂದು ಹೇಳಿ ಉಸ್ತಾದರೇ.

ಕೆಎ-17: ಮೇಷ್ಟ್ರೇ, ಇದು ನಿಮ್ಮ ತರಗತಿಯಲ್ಲ.

ಚಳ್ಳಕೆರೆ: ಎಂಜಿನ್ ಬದಲಾಯಿಸಿ ದೊಡ್ಡದು ಹಾಕಿದರೆ ಆರ್‌ಟಿಒದಲ್ಲಿ ತೊಂದರೆಯೇ? ಇನ್ನೊಂದು, ಪೆಟ್ರೋಲ್ ಟ್ಯಾಂಕ್ ತೂತಾಗಿದೆ. ಖಾಲಿ ಮಾಡಿ ತೊಳೆದಿದ್ದೇವೆ, ಮನೆಯಲ್ಲೇ ವೆಲ್ಡಿಂಗ್ ಮಾಡಬಹುದಲ್ಲ?

ಉಸ್ತಾದ್: ಎಂಜಿನ್ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಅನುಮತಿ ಬೇಕು, ಆರ್‌ಸಿಯಲ್ಲಿ ದಾಖಲಾಗಬೇಕು. ಬಣ್ಣ ಬದಲಿಸಿದರೂ ದಾಖಲಿಸಿ. 15 ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಅಲ್ಲಿ ಎಲ್ಲ ಹೊರಬೀಳುತ್ತದೆ.

ಟ್ಯಾಂಕ್ ವೆಲ್ಡಿಂಗ್: ಬೇಡ. ಸಿಡಿಯುವುದು ದ್ರವವಲ್ಲ, ಆವಿ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಅಪಾಯ. ಬೇರೆ ಟ್ಯಾಂಕ್ ಹುಡುಕಿ.

ಚಳ್ಳಕೆರೆ: ಒಳಗೆ ನೀರು ತುಂಬಿಸಿ ಮಾಡುತ್ತಾರಲ್ಲ?

ಉಸ್ತಾದ್: ಬೇಡ ಎಂದೆ.

ನಿಜಲಿಂಗಪ್ಪ ಬಡಾವಣೆ: ಇ20 ಪೆಟ್ರೋಲ್, ಅದೇ ಶೇಕಡಾ 20 ಎಥನಾಲ್ ಬೆರೆಸಿದ್ದು, ಹಳೆಯ ಗಾಡಿಗೆ ಹಾನಿಯೇ?

ಜಗಳೂರು: ಹಾನಿಯೇ ಹಾನಿ. ಎಲ್ಲ ಅವರ ಲಾಭಕ್ಕೆ.

ಎಂಸಿಸಿ ಬಿ ಬ್ಲಾಕ್: ಎಥನಾಲ್ ಮಾಡುವ ಕಬ್ಬಿಗೆ, ಮೆಕ್ಕೆಜೋಳಕ್ಕೆ ಬೆಲೆ ಬಂದರೆ ನಿಮಗೇಕೆ ಹೊಟ್ಟೆಯುರಿ? ರೈತರಿಗೆ ನಾಲ್ಕು ಕಾಸು ಸಿಗಲಿ.

ಜಗಳೂರು: ನಾನೂ ಮೆಕ್ಕೆಜೋಳ ಬೆಳೆಯುವವನೇ. ಕಾಸು ಎಲ್ಲಿ ಸಿಕ್ಕಿತು ಎಂದು ನಿಮ್ಮ ಬಿ ಬ್ಲಾಕಿನಲ್ಲಿ ಕುಳಿತು ಹೇಳಿ.

ಅಡ್ಮಿನ್: ರಾಜಕೀಯ ಬೇಡ. ಇಬ್ಬರೂ ನಿಲ್ಲಿಸಿ.

ಜಗಳೂರು: ಇದು ರಾಜಕೀಯವಲ್ಲ, ಹೊಟ್ಟೆಪಾಡು.

ಉಸ್ತಾದ್: ಮೇಡಂ, ಎಥನಾಲ್ ನೀರು ಹೀರುತ್ತದೆ. ದಿನಾ ಓಡುವ ಗಾಡಿಯಲ್ಲಿ ಅದು ಉರಿದು ಹೋಗುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ನೀರು ಹೆಚ್ಚಾಗಿ ಎಥನಾಲ್ ಜೊತೆ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ, ತುಕ್ಕು ಅಲ್ಲಿಂದ. ಹಳೆಯ ರಬ್ಬರ್ ಹೋಸ್‌ಗಳೂ ಮೆತ್ತಗಾಗುತ್ತವೆ. ನಿಮ್ಮ ಟ್ಯಾಂಕ್ ಖಾಲಿ ಮಾಡಿಸಿ, ಹೋಸ್‌ಗಳನ್ನು ಬದಲಾಯಿಸಿ. ನಿಮ್ಮದು ಇಂಜೆಕ್ಷನ್ ಗಾಡಿ, ಅದರಲ್ಲಿ ಪೆಟ್ರೋಲ್ ಒತ್ತಡದಲ್ಲಿ ಹರಿಯುತ್ತದೆ; ಹಳೆಯ ಕಾರ್ಬುರೇಟರ್ ಗಾಡಿಯ ಹೋಸ್ ಆ ಒತ್ತಡ ತಡೆಯುವುದಿಲ್ಲ. ಮೇಲೆ ಆರ್9 ಎಂದು ಬರೆದದ್ದನ್ನು ಕೇಳಿ ತನ್ನಿ.

ಎಂಸಿಸಿ ಬಿ ಬ್ಲಾಕ್: *ಫಾರ್ವರ್ಡ್ ಮಾಡಲಾಗಿದೆ* ಮಂಜಾದ ಹೆಡ್‌ಲೈಟಿಗೆ ಹಲ್ಲುಪುಡಿ...

ಉಸ್ತಾದ್: ಅಡ್ಮಿನ್ ಅವರೇ, ಇವರಿರಬೇಕು ಇಲ್ಲವೇ ನಾನಿರಬೇಕು.

ಎಂಸಿಸಿ ಬಿ ಬ್ಲಾಕ್: ಒಂದು ಒಳ್ಳೆಯ ಮಾತು ಹೇಳಿದರೂ ತಪ್ಪು. ಗ್ಯಾರೇಜಿನವರಿಗೆ ಮನೆಮದ್ದು ಇಷ್ಟವಾಗುವುದಿಲ್ಲ, ಬಿಲ್ ಕಡಿಮೆಯಾಗುತ್ತದಲ್ಲ.

ಹರಿಹರ ಮೇಷ್ಟ್ರು: ಇವತ್ತು ಅವರು ಯಾರಿಗೆ ಬಿಲ್ ಕೊಟ್ಟಿದ್ದಾರೆ ಸ್ವಾಮಿ?

ಹೊಳಲ್ಕೆರೆ: ಉಸ್ತಾದರೇ! ವೈರ್ ಮುಟ್ಟಿಸಿದೆ. ಎಡ ಹೆಡ್‌ಲೈಟ್ ಬೆಳ್ಳಗಾಯಿತು. ಹಿಂದಿನ ದೀಪಕ್ಕೂ ಹಾಗೇ ಮಾಡಿದೆ, ಬ್ರೇಕ್ ಒತ್ತಿದರೆ ಇಂಡಿಕೇಟರ್ ಉರಿಯುತ್ತಿಲ್ಲ. ನಾಳೆ ಸ್ಟಾರ್ಟ್ ಮಾಡಿ ಹೊಸದುರ್ಗದವರೆಗೆ ಒಂದು ಸುತ್ತು ಹೋಗಿ ಬರಲೇ?

ಉಸ್ತಾದ್: ಹೋಗಬೇಡಿ. ನೀವು ಇಲ್ಲಿಯವರೆಗೆ ಸರಿಪಡಿಸಿದ್ದು ದೀಪ. ನಿಂತ ಎಂಜಿನ್ನನ್ನು ಸೀದಾ ಸೆಲ್ಫ್ ಹೊಡೆಯಬಾರದು. ಪ್ಲಗ್ ಬಿಚ್ಚಿ, ಸಿಲಿಂಡರಿಗೆ ಒಂದೊಂದು ಚಮಚ ಎಂಜಿನ್ ಆಯಿಲ್ ಬಿಟ್ಟು, ಒಂದು ರಾತ್ರಿ ಕಳೆದ ಮೇಲೆ ಪಾನಾ ಹಾಕಿ ಎಂಜಿನ್ನನ್ನು ಕೈಯಿಂದ ತಿರುಗಿಸಿ. ಬಿಗಿ ಬಂದರೆ ಬಲ ಹಾಕಬೇಡಿ, ನನಗೆ ಫೋನ್ ಮಾಡಿ. ಹಳೆಯ ಪೆಟ್ರೋಲ್ ತೆಗೆಸಿ. ಟೈಮಿಂಗ್ ಬೆಲ್ಟ್ ಹೊಸದು. ನಾಲ್ಕೂ ಬ್ರೇಕ್ ಹೋಸ್ ಬದಲಾಯಿಸಿ. ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿ ಮುಚ್ಚಿರುತ್ತವೆ, ಒತ್ತಿದ ಬ್ರೇಕ್ ಬಿಡುವುದಿಲ್ಲ. ಇಷ್ಟಾದ ಮೇಲೆ ಗೋದಾಮಿನ ಅಂಗಳದಲ್ಲಿ ನಡೆಯುವ ವೇಗದಲ್ಲಿ ಹತ್ತು ಸಲ ನಿಲ್ಲಿಸಿ ನೋಡಿ. ಹೊಸದುರ್ಗ ಎಲ್ಲಿಗೂ ಓಡಿಹೋಗುವುದಿಲ್ಲ.

ಹೊಳಲ್ಕೆರೆ: ಆಗಲಿ. ಬ್ರೇಕ್ ಹೋಸ್ ಈ ಗಾಡಿಗೆ ಎಲ್ಲಿ ಸಿಗುತ್ತದೆ?

ಉಸ್ತಾದ್: ಹಳೆಯದನ್ನು ಬಿಚ್ಚಿ ತನ್ನಿ. ಎರಡೂ ತುದಿಯ ನಟ್‌ಗಳ ತಿರುಪು, ಉದ್ದ ಅಳೆದು ಮಾಡಿಸಿಕೊಡುವವರು ಇದ್ದಾರೆ, ಒಟ್ಟಿಗೆ ಹೋಗೋಣ. ಭಾನುವಾರ ಬನ್ನಿ, ಗಾಡಿಯ ಫೋಟೊ ಇನ್ನಷ್ಟು ತನ್ನಿ.

ಕೆಎ-17: ನನಗೆ ಮಾತ್ರ ಬಯ್ಗುಳ, ಅವರಿಗೆ ಭಾನುವಾರದ ಆಹ್ವಾನ.

ಉಸ್ತಾದ್: ಹೊಸ ಟೈರ್ ಹಾಕಿಕೊಂಡು ನೀವೂ ಬನ್ನಿ.

ಹಿರಿಯೂರು: ಪೂರ್ತಿ ರೀಸ್ಟೋರ್‌ಗೆ ಎಷ್ಟಾಗುತ್ತದೆ ಎಂದು ಆಗಲೇ ಕೇಳಿದ್ದೆ. ಯಾರೂ ಉತ್ತರಿಸಲಿಲ್ಲ.

ಹರಿಹರ ಮೇಷ್ಟ್ರು: ಗಾಡಿ ಯಾವುದು ಎಂದು ನೀವು ಇನ್ನೂ ಬರೆದಿಲ್ಲ.