ತಳ್ಳುಗಾಡಿಯಲ್ಲಿ 99 ಫೋನು

"ಮ್ಯಾಪು ಅಂದ್ರೆ ಬರೀ ದಾರಿ ಕೇಳೋಕಾ? ಇನ್ನೇನೂ ಮಜಾ ಇಲ್ವಾ ಅದ್ರಲ್ಲಿ?" ಎಂದು ಗಿರಿಜಾ ಶುರು ಮಾಡಿದಳು. ಬೈಟು ಕಾಫಿ ಇನ್ನೂ ಬಂದಿರಲಿಲ್ಲ.

"ದಾರಿ ಹೇಳಿದ್ರೇ ದೊಡ್ಡದು," ಎಂದ ನಾಗು. "ನಮ್ಮತ್ತೆ ಕೊರಿಯರ್ ಹುಡುಗನಿಗೆ 'ನೇರಳೆ ಮರದ ಹತ್ರ ಬಲಕ್ಕೆ ತಿರುಗಪ್ಪಾ' ಅಂತಾರೆ. ಆ ಮರ ಕಡಿದಾಗ ಆ ಹುಡುಗ ಇನ್ನೂ ಹುಟ್ಟಿರಲಿಲ್ಲ."

"ಅತ್ತೇನ ಯಾಕೆ ಅಂತೀಯ?" ಎಂದರು ಶೇಷಣ್ಣ. ಸರ್ವೆ ಇಲಾಖೆಯಲ್ಲಿದ್ದು ರಿಟೈರ್ ಆದವರು. ಕಾಫಿ ಲೋಟ ಇಡುವಾಗಲೂ ಮೇಜಿನ ಅಂಚಿನಿಂದ ಎಷ್ಟು ದೂರ ಅಂತ ನೋಡುತ್ತಾರೆ. "ಮಿನರ್ವ ಟಾಕೀಸ್ ಹೋಗಿ ಎಷ್ಟು ಕಾಲ ಆಯ್ತು? ಸರ್ಕಲ್ ಇವತ್ತಿಗೂ ಮಿನರ್ವ ಸರ್ಕಲ್ಲೇ. ಈ ಊರಲ್ಲಿ ಇಲ್ಲದೇ ಇರೋದನ್ನ ಗುರುತು ಹೇಳಿದ್ರೇ ಜನಕ್ಕೆ ಗೊತ್ತಾಗೋದು."

"ಅದಕ್ಕೇ ಅಲ್ವಾ ಅಂಚೆಯವರು 2025ರಲ್ಲಿ ಡಿಜಿಪಿನ್ ತಂದಿದ್ದು," ಎಂದೆ ನಾನು. ಇಡೀ ದೇಶವನ್ನ ಸುಮಾರು ನಾಲ್ಕು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ಚೌಕಗಳಾಗಿ ಮಾಡಿ, ಒಂದೊಂದಕ್ಕೂ ಹತ್ತು ಅಕ್ಷರ-ಅಂಕಿಗಳ ಗುರುತು ಕೊಟ್ಟಿದ್ದಾರೆ.

ಶೇಷಣ್ಣ ಆಗಲೇ ಟಿಶ್ಯೂ ಪೇಪರಿನ ಮೇಲೆ ಲೆಕ್ಕ ಹಾಕಿದ್ದರು. "30/40 ಸೈಟಿಗೆ ಏನಿಲ್ಲ ಅಂದ್ರೂ ಏಳೆಂಟು ಪಿನ್ ಬೀಳುತ್ತೆ. ಹಾಲ್‌ಗೊಂದು, ಅಡುಗೆಮನೆಗೊಂದು."

"ಹಾಗಾದ್ರೆ ಜಗಳ ಆಡಿದ ದಿನ ನಾನೂ ನಮ್ಮ ಯಜಮಾನರೂ ಬೇರೆ ಬೇರೆ ವಿಳಾಸದಲ್ಲಿರ್ತೀವಿ!" ಎಂದು ಗಿರಿಜಾ ಖುಷಿಪಟ್ಟಳು.

"ನಮ್ಮ ಅಪಾರ್ಟ್‌ಮೆಂಟಲ್ಲಿ ಉಲ್ಟಾ," ಎಂದ ನಾಗು. "ಒಂದರ ಮೇಲೊಂದು ಹದಿನಾಲ್ಕು ಮನೆ, ಎಲ್ಲಕ್ಕೂ ಒಂದೇ ಪಿನ್. ಮೇಲಿನ ಮನೆಯವರ ಬಿರಿಯಾನಿ ನಮಗೆ ಬಂದ್ರೆ ನಾನಂತೂ ದೂರು ಕೊಡಲ್ಲ."

ಕಾಫಿ ಬಂತು. ನಾಗು ಮುಂದುವರಿಸಿದ. "ನನಗೊಂದು ಅರ್ಥ ಆಗಲ್ಲ. 20,000 ಕಿಲೋಮೀಟರ್ ಮೇಲಿರೋ ಉಪಗ್ರಹಕ್ಕೆ ನಾನು ಎಲ್ಲಿದ್ದೀನಿ ಅಂತ ಗೊತ್ತು. ಫ್ಲೈಓವರ್ ಮೇಲಿದ್ದೀನೋ ಕೆಳಗಿದ್ದೀನೋ ಗೊತ್ತಿಲ್ಲ."

"ಉಪಗ್ರಹಕ್ಕೆ ನೀನು ಯಾರು ಅಂತಾನೇ ಗೊತ್ತಿಲ್ಲ ಕಣಯ್ಯಾ," ಎಂದರು ಶೇಷಣ್ಣ. "ತಾನು ಎಲ್ಲಿದ್ದೀನಿ, ಗಂಟೆ ಎಷ್ಟು ಅಂತ ಸಾರ್ತಾ ಇರುತ್ತೆ, ಅಷ್ಟೆ. ನಾಲ್ಕು ಉಪಗ್ರಹದ ಮಾತು ಕೇಳಿಸಿಕೊಂಡು ಲೆಕ್ಕ ಹಾಕೋದು ನಿನ್ನ ಫೋನು. ಅದೂ ಮೊದಲು ಇಷ್ಟು ಸರಿ ಇರಲಿಲ್ಲ. ಆ ಉಪಗ್ರಹ ಬಿಟ್ಟ ಅಮೆರಿಕದವರೇ ಬೇಕೂಂತ ತಪ್ಪು ಬೆರೆಸ್ತಿದ್ರು, ನೂರು ಮೀಟರ್ ತನಕ ಆಚೀಚೆ. 2000ನೇ ಇಸವಿ ಮೇ 2ಕ್ಕೆ ನಿಲ್ಲಿಸಿದ್ರು."

ಇದರ ಮುಂದಿನ ಕಥೆ ನನಗೆ ಗೊತ್ತಿತ್ತು. ಮರುದಿನವೇ ಓರೆಗಾನ್‌ನಲ್ಲಿ ಡೇವ್ ಉಲ್ಮರ್ ಎನ್ನುವವರು ಕಾಡಿನಲ್ಲೊಂದು ಬಕೆಟ್ ಹೂತಿಟ್ಟರು. ಅದರಲ್ಲಿ ಪುಸ್ತಕ, ಒಂದು ಕವಣೆ, ಒಂದು ಡಬ್ಬಿ ಬೀನ್ಸ್ ಇತ್ಯಾದಿ. ಅಕ್ಷಾಂಶ ರೇಖಾಂಶ ಇಂಟರ್‌ನೆಟ್ಟಿಗೆ ಹಾಕಿ, 'ಹುಡುಕಿ, ಏನಾದರೂ ತಗೊಳ್ಳಿ, ಏನಾದರೂ ಇಡಿ' ಎಂದರು. ಮೂರು ದಿನದೊಳಗೆ ಇಬ್ಬರು ಹುಡುಕಿಯೇಬಿಟ್ಟರು. ಜಿಯೋಕ್ಯಾಶಿಂಗ್ ಅನ್ನುವ ಆಟ ಅಲ್ಲಿಂದ ಶುರುವಾಗಿ ಈಗ ಲೋಕವೆಲ್ಲ ಹಬ್ಬಿದೆ.

"ನಾವೂ ಇಡೋಣ! ಲಾಲ್‌ಬಾಗಲ್ಲಿ ಒಂದು ಡಬ್ಬ ನಿಪ್ಪಟ್ಟು," ಎಂದ ನಾಗು.

"ಮೊದಲು ಇರುವೆ ಹುಡುಕುತ್ತೆ. ಆಮೇಲೆ ಬಾಂಬ್ ಸ್ಕ್ವಾಡ್," ಎಂದಳು ಗಿರಿಜಾ. "ಡಬ್ಬ ಯಾಕೆ ಇಡ್ಬೇಕು? ಊರಲ್ಲಿ ಆಗಲೇ ಬೇಕಾದಷ್ಟು ಹೂತಿದ್ದಾರೆ. ಮೆಜೆಸ್ಟಿಕ್ ಬಸ್‌ಸ್ಟ್ಯಾಂಡ್ ಕೆಳಗೆ ಧರ್ಮಾಂಬುಧಿ ಕೆರೆ. ಕಂಠೀರವ ಸ್ಟೇಡಿಯಂ ಕೆಳಗೆ ಸಂಪಂಗಿ ಕೆರೆ. ಮಕ್ಕಳ ಕೈಗೆ ಹಳೇ ಮ್ಯಾಪ್ ಕೊಟ್ಟು, ಯಾವ ಕೆರೆ ಮೇಲೆ ನಿಂತಿದ್ದೀರಾ ಹೇಳಿ ಅಂದ್ರೆ ಸಾಕು. ಶಾಸನಗಳೂ ಇವೆ. ಇತಿಹಾಸದ ಕೆಲಸ ಮಾಡೋ ಮಿಥಿಕ್ ಸೊಸೈಟಿಯವರು 3ಡಿ ಸ್ಕ್ಯಾನ್ ಮಾಡಿ, ಯಾವುದು ಎಲ್ಲಿದೆ ಅಂತ ಮ್ಯಾಪಿಗೂ ಹಾಕಿದ್ದಾರೆ. ಬೇಗೂರಲ್ಲಿ 'ಬೆಂಗಳೂರ ಕಾಳಗ' ಅನ್ನೋ ಕಲ್ಲಿದೆಯಲ್ಲ, ಸುಮಾರು 890ರದ್ದು, ಅದನ್ನ ಹುಡುಕೋಕೆ ಹೋಗೋದು ಬೀನ್ಸ್ ಡಬ್ಬಿಗಿಂತ ವಾಸಿ."

ಶೇಷಣ್ಣ ಇಷ್ಟು ಹೊತ್ತು ಕಾದಿದ್ದೇ ಹೆಚ್ಚು. ಫೋನ್ ತೆಗೆದು ದಿಶಾಂಕ್ ಆ್ಯಪ್ ಒತ್ತಿದರು. ಕರ್ನಾಟಕದಲ್ಲಿ ನಿಂತ ಜಾಗದ ಸರ್ವೆ ನಂಬರು ತೋರಿಸುವ ಸರ್ಕಾರಿ ಆ್ಯಪ್ ಅದು. ಕೆರೆ, ರಾಜಕಾಲುವೆ, ಖರಾಬು ಅಂದರೆ ಉಳುಮೆಗೆ ಬಾರದ ಜಮೀನು, ಎಲ್ಲ ಕಾಣುತ್ತದೆ. ಸೈಟು ಕೊಳ್ಳುವವರು ಬ್ರೋಕರ್ ಮಾತು ಕೇಳುವ ಮೊದಲು ಇದನ್ನೊಮ್ಮೆ ನೋಡುವುದು ಒಳ್ಳೆಯದು. ಶೇಷಣ್ಣನಿಗೆ ಮಾತ್ರ ಇದೇ ಮನರಂಜನೆ. ಮದುವೆ ಊಟಕ್ಕೆ ಕೂತರೂ, ಪಾಯಸ ಬರುವುದರೊಳಗೆ ಛತ್ರದ ಜಾತಕ ತೆಗೆದಿರುತ್ತಾರೆ.

"ಈ ಹೋಟೆಲ್ ಇರೋ ಜಾಗ..." ಎಂದು ಅವರು ಸ್ವಲ್ಪ ಜೋರಾಗಿಯೇ ಶುರು ಮಾಡಿದರು. ಗಲ್ಲಾದಲ್ಲಿದ್ದ ಮಾಲೀಕರು ತಲೆ ಎತ್ತಿದರು. ಒಂದೇ ನಿಮಿಷದಲ್ಲಿ ನಮ್ಮ ಮೇಜಿಗೆ ಕೇಳದೇ ಇದ್ದ ಒಂದು ಪ್ಲೇಟ್ ಬೋಂಡ ಬಂತು. ಜಾಗ ಪಕ್ಕಾ ಇತ್ತು ಅನ್ನುವುದನ್ನ ಶೇಷಣ್ಣ ಬೋಂಡ ಮುಗಿದ ಮೇಲೆ ಹೇಳಿದರು.

"ಟ್ರಾಫಿಕ್ಕಿಗೆ ಏನಾದ್ರೂ ಉಪಾಯ ಹೇಳಿ," ಎಂದ ನಾಗು. "ಬರ್ಲಿನ್‌ನಲ್ಲಿ ಸೈಮನ್ ವೆಕರ್ಟ್ ಅಂತ ಕಲಾವಿದ, ತಳ್ಳುಗಾಡಿಯಲ್ಲಿ 99 ಫೋನು ಹಾಕ್ಕೊಂಡು ಖಾಲಿ ರಸ್ತೆಯಲ್ಲಿ ನಿಧಾನ ನಡೆದ. ಇಷ್ಟೊಂದು ಫೋನು ತೆವಳ್ತಾ ಇವೆ ಅಂತ ಗೂಗಲ್ ಮ್ಯಾಪ್ ಆ ರಸ್ತೇನ ಕೆಂಪು ಮಾಡಿಬಿಡ್ತು. 2020ರಲ್ಲಿ ದೊಡ್ಡ ಸುದ್ದಿ. ನಾವೂ ಸಂಜೆ ಹಾಗೆ ಮಾಡಿದ್ರೆ ನಮ್ಮ ಕ್ರಾಸಿಗೆ ಒಂದು ಗಾಡೀನೂ ನುಗ್ಗಲ್ಲ."

"ನಿಮ್ಮ ಕ್ರಾಸು ತಾನಾಗೇ ಕೆಂಪಗಿರುತ್ತೆ, ಖರ್ಚು ಯಾಕೆ?" ಎಂದೆ.

"99 ಫೋನು ಹೊರಟ್ರೆ ಆ ತುದಿ ಮುಟ್ಟೋದು ಎಪ್ಪತ್ತು," ಎಂದರು ಶೇಷಣ್ಣ.

ಆಗ ಗಿರಿಜಾ ತನ್ನ ಗುಟ್ಟು ಬಿಟ್ಟಳು. ಅವಳ ಫೋನಿನಲ್ಲಿ ಸ್ಟ್ರೀಟ್‌ಕಂಪ್ಲೀಟ್ ಅಂತ ಒಂದು ಆ್ಯಪ್. ನಡೆಯುವ ದಾರಿಯಲ್ಲಿ ಸಣ್ಣ ಸಣ್ಣ ಪ್ರಶ್ನೆ ಕೇಳುತ್ತದೆ. ಈ ಬೆಂಚಿಗೆ ಒರಗಿಕೊಳ್ಳೋಕೆ ಇದೆಯಾ? ಈ ಬಸ್ ಸ್ಟಾಪಿಗೆ ಸೂರಿದೆಯಾ? ಒತ್ತಿದ ಉತ್ತರ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸೇರುತ್ತದೆ. 2004ರಲ್ಲಿ ಇಂಗ್ಲೆಂಡಿನ ಸ್ಟೀವ್ ಕೋಸ್ಟ್ ಶುರು ಮಾಡಿದ, ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ ಅದು. ರಸ್ತೆ ಹೆಸರನ್ನ ಕನ್ನಡದಲ್ಲೂ ಹಾಕಬಹುದು. ಇಷ್ಟು ದಿನ ಇವಳು ವಾಕಿಂಗ್‌ನಿಂದ ತಡವಾಗಿ ಬರುತ್ತಿದ್ದದ್ದು ಯಾಕೆ ಅಂತ ಈಗ ಗೊತ್ತಾಯಿತು.

"ಒಂದೇ ಪ್ರಶ್ನೆಗೆ ಸಿಕ್ಕಿಬಿದ್ದಿದ್ದೀನಿ," ಎಂದಳು. "ರಸ್ತೆ ಡಾಂಬರೋ, ಕಾಂಕ್ರೀಟೋ, ಮಣ್ಣೋ ಅಂತ ಕೇಳುತ್ತೆ. ನಮ್ಮ ಮೇನ್ ರೋಡು ಮೂರೂ. ಮಳೆ ಬಂದ್ರೆ ನಾಲ್ಕನೇದೂ ಇದೆ."

ನನ್ನ ಪ್ರಕಾರ ಇಲ್ಲಿಯವರೆಗೆ ಆಡಿದ ಮಾತಿನಲ್ಲಿ ತೂಕದ್ದು ಇದೇ. ಎಡಕ್ಕೆ ತಿರುಗಿ ಅನ್ನೋಕೆ ಕಂಪನಿಗಳಿವೆ. ಮಂಡಿನೋವಿನವರಿಗೆ ಎಲ್ಲಿ ಕೂರೋದು, ಯಾವ ಶೌಚಾಲಯಕ್ಕೆ ಧೈರ್ಯವಾಗಿ ಹೋಗಬಹುದು, ಇದೆಲ್ಲ ಬೀದಿಯವರಿಗೇ ಗೊತ್ತು.

"ಹಾಗಾದ್ರೆ ಗಾಂಧಿ ಬಜಾರಿನ ಹಿಂದಿನ ಗಲ್ಲಿಯಲ್ಲಿ ನಿನ್ನ ಮಸಾಲೆ ದೋಸೆ ಅಂಗಡಿ ಇದೆಯಲ್ಲ, ಅದನ್ನೂ ಹಾಕಿಬಿಡ್ತೀನಿ," ಎಂದು ಗಿರಿಜಾ ನಾಗು ಕಡೆ ತಿರುಗಿದಳು.

ನಾಗು ಫೋನಿನ ಮೇಲೆ ಕೈಯಿಟ್ಟ. "ಬೆಂಚು ಹಾಕು, ಕೆರೆ ಹಾಕು, ಬೇಕಾದ್ರೆ ನಮ್ಮನೆ ಬಚ್ಚಲೂ ಹಾಕು. ಅದೊಂದು ಬೇಡ ಕಣೇ. ಈಗಲೇ ಭಾನುವಾರ ಅರ್ಧ ಗಂಟೆ ಕಾಯಿಸ್ತಾರೆ."