ಸಹಾಯ ಬೇಕು: ವಿಶ್ವವಿದ್ಯಾಲಯದ ಲೈಬ್ರರಿ ದೆವ್ವದ ಕಥೆಗಳು

ವಿಶ್ವವಿದ್ಯಾಲಯಗಳ ಲೈಬ್ರರಿಗಳ ಬಗ್ಗೆ ಓಡಾಡುವ ದೆವ್ವದ ಕಥೆಗಳನ್ನು ಸಂಗ್ರಹಿಸುತ್ತಿದ್ದೇವೆ. ಕೇಳಿದ ಮಾತಿನಲ್ಲೇ ಬರೆದು ಕಳಿಸಿ, ತಿದ್ದಿ ಚೆಂದ ಮಾಡಬೇಡಿ. ಚೆಂದ ಮಾಡಿದರೆ ಮೊದಲು ಮಾಯವಾಗುವುದೇ ನಮಗೆ ಬೇಕಾದ ವಿವರ: ಯಾವ ಮಹಡಿ, ಯಾವ ಕಪಾಟಿನ ಸಾಲು, ಎಷ್ಟು ಗಂಟೆ.

ಹೇಳಿದವರ ಹೆಸರು ಬೇಡ. ‘ರಾತ್ರಿ ಪಾಳಿ ಸಿಬ್ಬಂದಿ’, ‘ಸೀನಿಯರ್’ ಅಂದರೆ ಸಾಕು. ಕೇಳಿದ ವರ್ಷ ಮಾತ್ರ ಇರಲಿ. ‘ಸ್ನೇಹಿತನ ಸ್ನೇಹಿತ ಕಂಡಿದ್ದನಂತೆ’ ಅಂತಿದ್ದರೆ ಹಾಗೇ ಬರೆಯಿರಿ. ಬೇರೆಯವರನ್ನು ‘ದೆವ್ವ ನೋಡಿದ್ದೀರಾ?’ ಅಂತ ಕೇಳಬೇಡಿ, ನಕ್ಕು ಸುಮ್ಮನಾಗುತ್ತಾರೆ. ‘ಕತ್ತಲಾದ ಮೇಲೆ ಆ ಮೂಲೆಯಲ್ಲಿ ಯಾಕೆ ಯಾರೂ ಕೂರಲ್ಲ?’ ಅನ್ನಿ, ಮಾತು ತಾನಾಗೇ ಬರುತ್ತದೆ.

ಆ ಜಾಗವನ್ನೂ ಒಮ್ಮೆ ಗಮನಿಸಿ. ಓಡಾಟ ಗುರುತಿಸಿ ಉರಿಯುವ ಸೆನ್ಸರ್ ದೀಪ, ಅಲುಗಾಡದೆ ಕೂತು ಓದುವವರ ತಲೆ ಮೇಲೆ ಇದ್ದಕ್ಕಿದ್ದಂತೆ ಆರುತ್ತದೆ; ರಾತ್ರಿ ತಂಪಾಗುವಾಗ ಕಬ್ಬಿಣದ ಕಪಾಟು ಕುಗ್ಗಿ ‘ಟಕ್’ ಎನ್ನುತ್ತದೆ. ಕಾರಣ ಸಿಕ್ಕಿತೆಂದು ಕಥೆ ಕೈಬಿಡಬೇಡಿ, ಎರಡನ್ನೂ ಬೇರೆ ಬೇರೆ ಬರೆಯಿರಿ.

ಇನ್ನೊಂದು, ‘ಎಂಜಿನಿಯರ್ ಪುಸ್ತಕದ ಭಾರ ಲೆಕ್ಕ ಹಾಕಲು ಮರೆತ, ಕಟ್ಟಡ ವರ್ಷಾ ವರ್ಷ ನೆಲಕ್ಕಿಳಿಯುತ್ತಿದೆ’ ಎಂಬ ಪುಕಾರು ಹಲವು ಕ್ಯಾಂಪಸ್‌ಗಳಲ್ಲಿದೆ. (ಕಪಾಟಿನ ಮಹಡಿಗಳನ್ನು ಚದರ ಮೀಟರಿಗೆ ಸುಮಾರು 600–700 ಕಿಲೋ ತಡೆಯುವಂತೆ ಕಟ್ಟುವುದು ರೂಢಿ, ಎಂಜಿನಿಯರ್ ಪಾಪ!) ನಿಮ್ಮಲ್ಲಿ ಅದು ಎಷ್ಟು ಇಂಚು ಇಳಿದಿದೆ ಅಂತಾರೆ? ಅದನ್ನೂ ಕಳಿಸಿ.